ಝೆಂಡ್ರಾಕ್ ಕಾರ್ಡಿನ ಕಣ್ಣುಕಟ್ಟು

ಮೇಲಿನ ಕೋಣೆಯಿಂದ ಯಾರೋ ಚೀರಿದರು.

ರಾಣೆಬೆನ್ನೂರಿನ ಪ್ರಭುಲಿಂಗಪ್ಪನವರ ಬೀಜದ ಗೋದಾಮಿನಲ್ಲಿ ನಾವು ಆಗ ಸೋರಿದ ಚಾವಣಿಯನ್ನೂ ತೊಯ್ದ ಚೀಲಗಳನ್ನೂ ನೋಡುತ್ತಿದ್ದೆವು. ಮೇಘಾ ಮೇಡಂ ಹಾವೇರಿಯವರು. ವಿಮಾ ಕಂಪನಿಗಳ ಪರವಾಗಿ ನಷ್ಟದ ತಪಾಸಣೆ ಮಾಡುತ್ತಾರೆ. ಸುಟ್ಟ ಅಂಗಡಿಯಿರಲಿ, ಜಖಂ ಆದ ಲಾರಿಯಿರಲಿ, 'ಇದು ಹೇಗಾಯಿತು?' ಎಂದು ಕೇಳುವುದು ಅವರ ಕೆಲಸ. ಫೋಟೋ ತೆಗೆಯುವುದು ನನ್ನದು. ನನ್ನ ಹೆಸರು ಹನುಮೇಶ.

ಪ್ರಭುಲಿಂಗಪ್ಪ ಮೆಟ್ಟಿಲು ಹತ್ತಿ ಓಡಿದರು. ನಾವೂ ಹಿಂದೆಯೇ ಹೋದೆವು.

ಅವರ ಮಗಳು ಸ್ನೇಹಾ ತಲೆಯ ಮೇಲೆ ಕೈಹೊತ್ತು ಕುಳಿತಿದ್ದಳು. ಹೆಡ್‌ಫೋನು ನೆಲದ ಮೇಲೆ ಬಿದ್ದಿತ್ತು. ಎದುರಿನ ಪರದೆ ಪೂರಾ ಕಪ್ಪು. ಕಂಪ್ಯೂಟರಿನ ಫ್ಯಾನು ಮಾತ್ರ ಸಿಟ್ಟಿಗೆದ್ದಂತೆ ತಿರುಗುತ್ತಿತ್ತು. ಪಕ್ಕದ ಮಂಚದ ಮೇಲೆ ಕೂತ ಅಜ್ಜಿ ಫಕ್ಕೀರವ್ವ ಸೆರಗಿನಿಂದ ಮೂಗು ಒತ್ತಿಕೊಂಡು ಸೀನುತ್ತಿದ್ದರು.

"ಮತ್ತ ಹೋತು ಅಪ್ಪಾ! ಗೆಲ್ಲೂ ಹೊತ್ತಿಗೇ ಹೋತು!"

ಸ್ನೇಹಾ ಕಾಲೇಜು ಮುಗಿಸಿದ ಹುಡುಗಿ. ಆನ್‌ಲೈನ್ ಗೇಮಿಂಗ್ ಸ್ಪರ್ಧೆಯಲ್ಲಿ ಅವಳ ತಂಡ ರಾಜ್ಯಮಟ್ಟದವರೆಗೂ ಬಂದಿತ್ತು. ಆದರೆ ಆಟ ಬಿರುಸಾದಾಗಲೆಲ್ಲ ಅವಳ ಪರದೆ ಕಪ್ಪಾಗುತ್ತಿತ್ತು. ಆಟದ ನಿಯಮದಲ್ಲಿ ಅದಕ್ಕೆ ಒಂದೇ ಅರ್ಥ — ನಡುವೆ ಬಿಟ್ಟು ಓಡಿಹೋದಳು. ಸಂಘಟಕರು ಆಗಲೇ ಎಚ್ಚರಿಕೆ ಕೊಟ್ಟಿದ್ದರು. ನಾವು ನೋಡನೋಡುತ್ತಿದ್ದಂತೆ ಅವಳ ಮೊಬೈಲಿಗೆ ಸಂದೇಶ ಬಂತು. ಅಮಾನತು. ಅದರ ಬೆನ್ನಿಗೇ ತಂಡದವರದು — 'ಸೋಲೂದು ಕಂಡ್ರ ಓಡಿಹೋಗ್ತಿ. ನಮಗ ನೀ ಬ್ಯಾಡ.'

ಸ್ನೇಹಾ ಅಳಲಿಲ್ಲ. ಅದೇ ನೋಡಲು ಕಷ್ಟವಾಯಿತು.

"ಯಾರ ವಿರುದ್ಧ ಇತ್ತು ಆಟ?" ಮೇಘಾ ಮೇಡಂ ಕೇಳಿದರು.

"ಬ್ಯಾಡಗಿ ತಂಡರಿ. ಮೈಲೇಶ ಅಂತ, ಅವನೇ ಕ್ಯಾಪ್ಟನ್."

"ಕಂಪ್ಯೂಟರ್ ಯಾಕ ಹಿಂಗ ಮಾಡತೈತಿ?"

"ಝೆಂಡ್ರಾಕ್ ಕಂಪನಿ ಗ್ರಾಫಿಕ್ಸ್ ಕಾರ್ಡ್ ಐತ್ರಿ ಇದರಾಗ. ಪರದೆ ಮ್ಯಾಲ ಚಿತ್ರ ಮೂಡಸೂದು ಅದನ. ಆ ಕಂಪನಿದ ಹಣೇಬರಾನ ಹಿಂಗರಿ. ಎಲ್ಲಾರೂ ಬೈತಾರ. ಮೊದಲನೇ ಕಾರ್ಡ್ ಸುಟ್ಟ ಹೋತು. ವಾರಂಟ್ಯಾಗ ಬದಲಿ ಬಂತು. ಇದೂ ಹಿಂಗ."

"ಕಂಪನಿಗೆ ಕೇಳಿದ್ಯೇನು?"

"ಕೇಳಿದ್ರ ಒಂದ ಉತ್ತರ — ಡ್ರೈವರ್ ತಗದು ಮತ್ತ ಹಾಕ್ರಿ. ಕಾರ್ಡಿಗೂ ಕಂಪ್ಯೂಟರಿಗೂ ನಡುವ ಮಾತು ಮುಟ್ಟಸೂ ಸಾಫ್ಟ್‌ವೇರ್ ಅದು. ಹಳೇದು ಹಾಕಿದೆ, ಹೊಸಾದು ಹಾಕಿದೆ. ಕಂಪನಿ ಡ್ರೈವರ್ ಹಾಕಿದ್ರ ಚಾಲೂನ ಆಗೂದಿಲ್ಲ. ರಿಪೇರಿ ಮಾಡೂ ಯಲ್ಲೇಶಣ್ಣ ಪೆನ್‌ಡ್ರೈವ್‌ನ್ಯಾಗ ಕೊಟ್ಟಿದ್ದು ಹಾಕಿದ್ರ ಚಾಲೂ ಆಗತೈತಿ, ಖರೇ. ಆಟ ಜೋರಾತು ಅಂದ್ರ ಕಪ್ಪ."

ಪ್ರಭುಲಿಂಗಪ್ಪ ನಿಟ್ಟುಸಿರುಬಿಟ್ಟರು. "ಬಿಡವ್ವಾ. ಕೆಟ್ಟ ಕಂಪನಿ. ತಾನಾಗೇ ಕೆಟ್ಟೈತಿ."

ಮೇಘಾ ಮೇಡಂ ಅವರಿಗೆ ಈ ಜಗತ್ತಿನಲ್ಲಿ ಆಗದ ಮಾತು ಒಂದಿದ್ದರೆ ಅದು 'ತಾನಾಗೇ ಕೆಟ್ಟೈತಿ.' ಅವರು ಸೀರೆಯ ನೆರಿಗೆ ಒಟ್ಟುಮಾಡಿ ನೆಲದ ಮೇಲೆ ಕೂತುಬಿಟ್ಟರು.

"ಇದನ್ನ ತಗದು ತೋರಸ್ತಿಯೇನು, ತಂಗಿ?"

ಸ್ನೇಹಾ ಪೆಟ್ಟಿಗೆಯ ಬಾಗಿಲು ತೆಗೆದಳು. ಒಳಗೆ ಕಪ್ಪು ಕಾರ್ಡು, ಅದಕ್ಕೆ ಕೆಂಪು ಪಟ್ಟಿ. ವಿದ್ಯುತ್ತಿನ ವೈರೊಂದು ಅದಕ್ಕೆ ಸಿಕ್ಕಿಸಿತ್ತು. ಅಂಥದ್ದೇ ಇನ್ನೊಂದು ವೈರನ್ನು ಮಡಚಿ, ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿದು, ಮೂಲೆಗೆ ಸರಿಸಿತ್ತು.

"ಇದು ಯಾಕ ಸುಮ್ಮನ ಕುಂತೈತಿ?"

"ಹೆಚ್ಚಿಂದ ಇರಬೇಕ್ರಿ. ಯಲ್ಲೇಶಣ್ಣ ಚಂದಂಗ ಕಟ್ಟಿಟ್ಟಾನ."

"ಹನುಮೇಶ, ಎಲ್ಲಾದರ ಫೋಟೋ ತಗೀರಿ. ಹತ್ರದಿಂದ."

ಕಾರ್ಡಿನ ಮೇಲೆ ನಂಬರಿನ ಚೀಟಿ ಇರಲಿಲ್ಲ. ಅಂಟು ಕಿತ್ತ ಗುರುತು ಮಾತ್ರ ಇತ್ತು. ಬದಲಿ ಕಾರ್ಡು ಬಂದ ರಟ್ಟಿನ ಡಬ್ಬಿ ಅಟ್ಟದ ಮೇಲಿತ್ತು. ಅದರ ಮೇಲೆ ನಂಬರು ಇತ್ತು. ಅದನ್ನೂ ನಾನು ಕ್ಯಾಮೆರಾದಲ್ಲಿ ಹಿಡಿದೆ. ಸ್ನೇಹಾಳ ಮೊಬೈಲಿನಲ್ಲಿ ಹಳೆಯ ಫೋಟೋಗಳಿವೆಯೇ ಎಂದು ಮೇಡಂ ಕೇಳಿದರು. ಕಂಪ್ಯೂಟರ್ ಮೊದಲ ದಿನ ಮನೆಗೆ ಬಂದಾಗ ತೆಗೆದ ಫೋಟೋವೊಂದನ್ನು ಬಹಳ ಹೊತ್ತು ನೋಡಿದರು. ತಮ್ಮ ಮೊಬೈಲಿಗೆ ಕಳಿಸಿಕೊಂಡರು.

ಅಷ್ಟರಲ್ಲಿ ಯಲ್ಲೇಶನೇ ಬಂದ. ಬಸ್ ಸ್ಟ್ಯಾಂಡ್ ಹತ್ತಿರ ಕಂಪ್ಯೂಟರ್ ರಿಪೇರಿ ಅಂಗಡಿ ಅವನದು. ಸ್ನೇಹಾಳ ಕಂಪ್ಯೂಟರ್ ಜೋಡಿಸಿಕೊಟ್ಟವನೂ, ಅವಳಿಗೆ ಮೊದಲ ಆಟ ಕಲಿಸಿದವನೂ ಅವನೇ. ಕರೆದಾಗಲೆಲ್ಲ ಬರುವ, ಮೆತ್ತನೆಯ ಮಾತಿನ ಮನುಷ್ಯ.

"ಮತ್ತ ಹೋತೇನವ್ವಾ?" ಎಂದು ಅವಳ ಮುಂದೆ ಕೂತ. "ಈ ಝೆಂಡ್ರಾಕ್‌ನವರನ್ನ ಕೋರ್ಟಿಗೆ ಎಳೀಬೇಕು."

"ಬದಲಿ ಕಾರ್ಡ್ ಯಾರು ತಂದ್ರು?" ಮೇಡಂ ಕೇಳಿದರು.

"ನಾನರಿ. ಹಾವೇರಿ ಕರಬಸಪ್ಪನ ಅಂಗಡ್ಯಾಗಿಂದ. ಕಂಪನಿ ಬದಲಿ ಮಾಲು ಅವರ ಕಡೆನ ಬರತೈತಿ."

"ಡಬ್ಬಿ ಬಂದ್ ಇತ್ತೇನು?"

ಯಲ್ಲೇಶ ಸ್ವಲ್ಪ ಯೋಚಿಸಿದ. "ಅಷ್ಟ ನೆನಪಿಲ್ರಿ. ಸೀಲ್ ಸಡ್ಲ ಇತ್ತೇನೋ."

"ನಂಬರ್ ಚೀಟಿ?"

"ಬದಲಿ ಮಾಲಿಗೆ ಒಮ್ಮೊಮ್ಮೆ ಇರೂದಿಲ್ರಿ."

ಅಲ್ಲಿಂದ ನಾವು ನೇರ ಹಾವೇರಿಗೆ ಹೋದೆವು. ಕರಬಸಪ್ಪ ಗಂಟುಮೋರೆಯ ವ್ಯಾಪಾರಿ. ಝೆಂಡ್ರಾಕ್ ಹೆಸರು ಕೇಳಿದ್ದೇ ತಡ, ಮುಖ ಇನ್ನಷ್ಟು ಗಂಟಾಯಿತು.

"ಆ ದರಿದ್ರ ಮಾಲು ಮಾರೂದು ಬಿಟ್ಟೇನ್ರಿ. ದಿನಾ ಒಬ್ಬಾವ ಬಂದು ಜಗಳ ತಗೀತಿದ್ದ. ಎರಡು ವೈರ್‌ನಿಂದ ಕರೆಂಟ್ ಕುಡಿದ್ರೂ ಹೊಟ್ಟಿ ತುಂಬೂದಿಲ್ಲ ಅದಕ್ಕ. ಉರದು ಬೀಳತೈತಿ."

"ಯಲ್ಲೇಶನ ಕೈಯಾಗ ಕೊಟ್ಟ ಡಬ್ಬಿ ನೀವು ಒಡದು ನೋಡಿದ್ರೇನು?"

"ನಾ ಯಾಕ ಒಡೀಲಿ? ಬಂದಂಗ ಕೊಟ್ಟೆ."

"ಸೀಲ್ ಸಡ್ಲ ಇತ್ತು ಅಂತಾನ."

"ಅಂದ್ರ? ನನ್ನ ಮ್ಯಾಲ ಅನುಮಾನ ಏನ್ರಿ?"

ಅಂಗಡಿಯ ಹಿಂದೆ ಪರದೆ ಹಾಕಿದ ಕೋಣೆಯಿತ್ತು. ಗಾಳಿಗೆ ಪರದೆ ಸರಿದಾಗ ಒಳಗೆ ಝೆಂಡ್ರಾಕ್ ಡಬ್ಬಿಗಳ ರಾಶಿ ಕಂಡಿತು. "ಒಳಗೆ ನೋಡಬಹುದಾ?" ಎಂದು ನಾನು ಕೇಳಿದೆ. ಕರಬಸಪ್ಪ ಎದ್ದು ನಿಂತು ಬಾಗಿಲಿಗೆ ಅಡ್ಡವಾದ. "ಪೊಲೀಸರನ್ನ ಕರಕೊಂಡ ಬರ್ರಿ, ತೋರಸ್ತೇನಿ."

ಹೊರಗೆ ಬಂದ ಮೇಲೆ ನಾನು ತಡೆಯಲಾರದೆ ಹೇಳಿದೆ, "ಮೇಡಂ, ಇವನೇ ಕಳ್ಳ. ಹೊಸಾದನ್ನ ಇಟಗೊಂಡು ಹಳೇದು ಕಳಿಸ್ಯಾನ."

"ಹಳೇದು ಅಂತ ಹೆಂಗ ಗೊತ್ತು?"

ಅವರು ನನ್ನ ಕ್ಯಾಮೆರಾದತ್ತ ಬೆರಳು ತೋರಿದರು.

"ನಿಮ್ಮ ಫೋಟೋ ನೋಡ್ರಿ. ದೊಡ್ಡದು ಮಾಡಿ ನೋಡ್ರಿ."

ಕ್ಯಾಮೆರಾದಲ್ಲೇ ದೊಡ್ಡದು ಮಾಡಿದೆ. ಪೆಟ್ಟಿಗೆಯ ತುಂಬ ಇದ್ದದ್ದು ಮಾಮೂಲಿ ಬೂದು ಧೂಳು. ಕಾರ್ಡಿನ ಲೋಹದ ಪದರುಗಳ ಸಂದಿಯಲ್ಲಿ ಮಾತ್ರ ಬೇರೆ ಬಣ್ಣ. ಗಾಢ ಕೆಂಪು. ಅದು ಮೇಲುಮೇಲಿನ ಧೂಳಲ್ಲ, ಆಳಕ್ಕೆ ಇಳಿದು ಗಟ್ಟಿಯಾದದ್ದು.

"ಕಾರ್ಡ್ ಬಿಸಿ ಆದಾಗ ಅಜ್ಜಿ ಸೀನತಿದ್ರಲ್ಲ, ಯಾಕ?" ಮೇಡಂ ಕೇಳಿದರು. "ಕಂಪನಿಯಿಂದ ಹೊಸಾದಾಗಿ ಬಂದ ಮಾಲಿನ್ಯಾಗ ಮೆಣಸಿನಕಾಯಿ ಪುಡಿ ಹೆಂಗ ಬಂತು, ಹನುಮೇಶ?"

ನನ್ನ ಬಾಯಿಂದ ಊರಿನ ಹೆಸರು ತಾನಾಗಿ ಹೊರಟಿತು. "ಬ್ಯಾಡಗಿ!"

ಬ್ಯಾಡಗಿಯ ಮೈಲೇಶನ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಅವನ ಸೋದರಮಾವನದು ಮೆಣಸಿನಕಾಯಿ ದಲಾಲಿ ಅಂಗಡಿ. ಚೀಲಗಳ ಸಾಲಿನ ಹಿಂದಿನ ಕೋಣೆಯಲ್ಲಿ ಮೈಲೇಶನ ಕಂಪ್ಯೂಟರು. ಬಾಗಿಲಲ್ಲಿ ಕಾಲಿಡುತ್ತಲೇ ನನಗೂ ಸೀನು ಬಂತು.

ಎತ್ತರದ, ಸಂಕೋಚದ ಹುಡುಗ. ಗೆದ್ದ ಖುಷಿ ಮುಖದ ಮೇಲಿರಲಿಲ್ಲ.

"ಸ್ನೇಹಾ ಓಡಿ ಹೋಗುವಾಕಿ ಅಲ್ರಿ," ಎಂದ, ನಾವು ಕೇಳುವ ಮೊದಲೇ. "ಇವತ್ತ ಆಕಿನ ಗೆಲ್ಲಾಕತ್ತಿದ್ಲು. ಗೆಲ್ಲಾಕಿ ಯಾಕ ಓಡತಾಳ?"

"ನಿನ್ನ ಕಾರ್ಡ್ ಯಾವುದಪ್ಪಾ?"

"ಝೆಂಡ್ರಾಕ್‌ರಿ. ಮೊದಲನೇದು ಹಿಂಗ ಕಪ್ಪ ಆಗತಿತ್ತು. ಜಗಳ ಮಾಡಿದ ಮ್ಯಾಲ ಬದಲಿ ಕೊಟ್ರು. ಈಗ ಛಲೋ ಐತಿ."

"ನೋಡಬಹುದಾ?"

ಅವನು ಪೆಟ್ಟಿಗೆ ತೆರೆದ. ಅದೇ ಕಪ್ಪು ಕಾರ್ಡು, ಅದೇ ಕೆಂಪು ಪಟ್ಟಿ. ಎರಡು ವೈರುಗಳೂ ಅದಕ್ಕೆ ಸಿಕ್ಕಿದ್ದವು. ಬದಿಯಲ್ಲಿ ನಂಬರಿನ ಚೀಟಿ. ಸ್ನೇಹಾಳ ಅಟ್ಟದ ಮೇಲಿದ್ದ ಡಬ್ಬಿಯ ಫೋಟೋವನ್ನು ನಾನು ಪಕ್ಕಕ್ಕೆ ಹಿಡಿದೆ. ಅಂಕಿಗಳು ಒಂದೂ ತಪ್ಪದೆ ಕೂಡಿದವು.

ಮೈಲೇಶ ಫೋಟೋ ನೋಡಿದ. ಕಾರ್ಡು ನೋಡಿದ.

"ಇದು ಸ್ನೇಹಾಂದಾ? ಆಕಿ ಕಾರ್ಡಿನಿಂದ ನಾ ಆಕಿನ್ನ ಸೋಲಿಸಿದ್ನಾ?"

"ಯಾರು ಕೊಟ್ರು ನಿಂಗ?"

ಅವನು ತಲೆ ಅಲ್ಲಾಡಿಸಿದ. "ಅವಾಗ ನಮ್ಮ ಮಾವ ಭಾಳ ಬೈದಿದ್ರು ಅವಗ. ನಾ ಹೆಸರು ಹೇಳಿದ್ರ ಅಂಗಡಿ ಮುಚ್ಚಸ್ತಾರ. ಹೇಳಂಗಿಲ್ರಿ."

"ಬ್ಯಾಡ ಬಿಡು," ಎಂದರು ಮೇಡಂ. "ಹೆಸರು ನಂಗ ರಾಣೆಬೆನ್ನೂರಾಗ ಗೊತ್ತಾಗೈತಿ. ನಾಳೆ ಅಲ್ಲಿಗೆ ಬಾ. ಕಾರ್ಡ್ ತಗೊಂಡು ಬಾ."

ಮರುದಿನ ಬೆಳಿಗ್ಗೆ ಪ್ರಭುಲಿಂಗಪ್ಪನವರ ಮೇಲಿನ ಕೋಣೆಯಲ್ಲಿ ಎಲ್ಲರೂ ಸೇರಿದರು. ಕರಬಸಪ್ಪ ಮುಖ ಕೆಂಪಗೆ ಮಾಡಿಕೊಂಡೇ ಬಂದಿದ್ದ. ಯಲ್ಲೇಶ ಬಾಗಿಲ ಬಳಿ ನಿಂತಿದ್ದ. ಮೈಲೇಶ ಎದೆಗೊತ್ತಿ ಹಿಡಿದಿದ್ದ ಕಾರ್ಡನ್ನು ಮೇಜಿನ ಮೇಲೆ ಇಟ್ಟ.

"ಇದು ಸ್ನೇಹಾಂದು. ಕಂಪನಿ ಕಳಿಸಿದ ಖರೇ ಕಾರ್ಡ್," ಎಂದು ಮೇಘಾ ಮೇಡಂ ಶುರುಮಾಡಿದರು. "ಆಕಿ ಕಂಪ್ಯೂಟರ್‌ದಾಗ ಇರೂದು ಖೋಟಾ. ಹಳೇ ಸಣ್ಣ ಕಾರ್ಡಿಗೆ ಝೆಂಡ್ರಾಕ್ ಅಂಗಿ ತೊಡಿಸಿ, ಒಳಗಿನ ಹೆಸರು ತಿದ್ದಿದ್ದು. ಅದಕ್ಕ ಕಂಪನಿ ಡ್ರೈವರ್ ಅದನ್ನ ಒಪ್ಪಲಿಲ್ಲ. ತಿದ್ದಿದ ಡ್ರೈವರ್ ಒಪ್ಪಿತು. ಭಾರ ಬಿದ್ದಾಗ ಮಾತ್ರ ಕೈಕೊಟ್ಟಿತು. ಇದನ್ನ ಯಾರೂ ಯಾಕ ಹುಡುಕಲಿಲ್ಲ? ಕಂಪನಿ ಹೆಸರು ಮೊದಲ ಕೆಟ್ಟಿತ್ತು. ಏನು ಕೆಟ್ಟರೂ ಎಲ್ಲಾರೂ ಕಂಪನಿಗೆ ಬೈದ್ರು, ಡ್ರೈವರ್ ಬದಲಿಸಿದ್ರು. ಕಳ್ಳಗ ಅದಕ್ಕಿಂತ ಛಲೋ ಮರೆ ಬೇಕೇನು?"

"ಹಂಗಾರ ಡಬ್ಬಿ ಒಡದಾವ ಯಾರು?" ಪ್ರಭುಲಿಂಗಪ್ಪ ಕರಬಸಪ್ಪನತ್ತ ತಿರುಗಿದರು.

"ನಾನಲ್ರಿ!" ಕರಬಸಪ್ಪ ಗುಡುಗಿದ. "ಒಳಗ ಇರೂವು ಜನ ತಿರುಗಿ ಕೊಟ್ಟ ಸುಟ್ಟ ಕಾರ್ಡ್. ಗಿರಾಕಿ ನೋಡಿದ್ರ ಅಂಗಡಿ ಮರ್ಯಾದಿ ಹೋಗತೈತಿ ಅಂತ ಮುಚ್ಚಿಟ್ಟೇನಿ."

"ಗೊತ್ತೈತ್ರಿ. ಕುಂದ್ರಿ," ಎಂದರು ಮೇಡಂ. ಸ್ನೇಹಾಳ ಹಳೆಯ ಫೋಟೋವನ್ನು ಎಲ್ಲರ ಮುಂದೆ ಹಿಡಿದರು. "ಮೊದಲ ದಿನ. ಕಾರ್ಡಿಗೆ ಎರಡು ವೈರ್ ಹಾಕ್ಯಾರ. ಬದಲಿ ಬಂದಿದ್ದೂ ಅದ ಮಾದರಿ ಕಾರ್ಡ್. ಈಗ ಪೆಟಗಿ ಒಳಗ ನೋಡ್ರಿ. ಒಂದು ವೈರ್ ಹಾಕ್ಯಾರ, ಒಂದನ್ನ ಕಟ್ಟಿಟ್ಟಾರ. ಯಾಕಂದ್ರ ಖೋಟಾ ಕಾರ್ಡಿಗೆ ಇರೂದು ಒಂದ ತೂತು. ಡಬ್ಬಿ ಹಾವೇರ್ಯಾಗ ಬದಲಾಗಿತ್ತು ಅಂತನ ಇಟ್ಕೋರಿ. ರಾಣೆಬೆನ್ನೂರಾಗ ಅದನ್ನ ಕೂಡಿಸಿದಾವಗ ಏನಾಗಬೇಕಿತ್ತು? ಒಂದು ವೈರ್ ಕೈಯಾಗ ಉಳದೈತಿ, ಹಾಕಾಕ ಜಾಗಾ ಇಲ್ಲ. ಮೊದಲನೇ ಕಾರ್ಡಿಗೆ ತಾನ ಎರಡು ವೈರ್ ಹಾಕಿದ್ದ. ಪ್ರಾಮಾಣಿಕ ಮನಶ್ಯಾ ಆದ್ರ ಅಲ್ಲೇ ಕೂಗತಿದ್ದ — 'ಇದು ಬ್ಯಾರೆ ಕಾರ್ಡ್!' ಆದ್ರ ಇವ ಕೂಗಲಿಲ್ಲ. ಚಂದಂಗ ಮಡಚಿದ, ಕಟ್ಟಿದ, ಮೂಲಿಗೆ ಸರಿಸಿದ. ನೋಡಿ ಸುಮ್ಮನಾದಾವಗ ಮೊದಲ ಗೊತ್ತಿತ್ತು. ಅಲ್ಲೇನು, ಯಲ್ಲೇಶ?"

ಎಲ್ಲರೂ ಬಾಗಿಲತ್ತ ತಿರುಗಿದರು.

ಯಲ್ಲೇಶ ಬಾಗಿಲ ಚೌಕಟ್ಟಿಗೆ ಒರಗಿದ. "ನಂಗೂ ಮೋಸ ಆಗಿತ್ರಿ," ಎಂದ. "ಮೈಲೇಶಗ ಅಂತ ಆನ್‌ಲೈನ್‌ದಾಗ ತರಿಸಿದ್ದು ಖೋಟಾ ಬಂತು. ಮಾರಿದಾವ ಫೋನ್ ಬಂದ್ ಮಾಡಿದ. ಮೈಲೇಶನ ಮಾವ ನನ್ನ ಅಂಗಡಿ ಮುಂದ ನಿಂತು ಕಳ್ಳ ಅಂತ ಬೈದ್ರು. ಅವಾಗ ಸ್ನೇಹಾನ ಬದಲಿ ಕಾರ್ಡ್ ಬಂತು. ಅದನ್ನ ಮೈಲೇಶಗ ಕೊಟ್ಟು, ಅವನ ಖೋಟಾ ಇಲ್ಲಿ ಹಾಕಿದೆ. ಝೆಂಡ್ರಾಕ್ ಹೆಂಗೂ ಕೆಡತೈತಿ, ಯಾರಿಗೂ ತಿಳಿಯಂಗಿಲ್ಲ ಅನಿಸ್ತು."

"ಯಲ್ಲೇಶಣ್ಣಾ," ಸ್ನೇಹಾ ಆ ದಿನ ಮೊದಲ ಬಾರಿ ಬಾಯಿ ತೆರೆದಳು. "ಪ್ರತಿ ಸಲ ಕಪ್ಪ ಆದಾಗ ನಿನ್ನ ಕರೀತಿದ್ದೆ. ನೀ ಬಂದು ನನ್ನ ಮುಂದ ಕುಂದರತಿದ್ದಿ. ನಾನ ಏನೋ ತಪ್ಪು ಮಾಡಾಕತ್ತೇನೇನೋ ಅಂತ ಕೇಳತಿದ್ದೆ. ನೀ 'ಇಲ್ಲವ್ವಾ' ಅಂತಿದ್ದಿ. ಅವಾಗ ಹೇಳಬೇಕು ಅನಿಸಲಿಲ್ಲಾ?"

"ಪ್ರತಿ ಸಲ ಅನಿಸ್ತಿತ್ತು," ಎಂದ ಯಲ್ಲೇಶ. "ಹೇಳಬೇಕು ಅಂತನ ಬರತಿದ್ದೆ."

ಅವಳು ಮುಖ ತಿರುಗಿಸಿದಳು. ಪ್ರಭುಲಿಂಗಪ್ಪ ಪೊಲೀಸ್ ಠಾಣೆಗೆ ಫೋನ್ ಮಾಡಲು ಮೊಬೈಲ್ ಎತ್ತಿದಾಗ ಯಾರೂ ಬೇಡವೆನ್ನಲಿಲ್ಲ. ಯಲ್ಲೇಶನೂ.

ಮೇಘಾ ಮೇಡಂ ಬರೆದ ವರದಿ, ನನ್ನ ಫೋಟೋಗಳು ಸಂಘಟಕರಿಗೆ ಹೋದವು. ಜೊತೆಗೆ ಮೈಲೇಶ ತಾನೇ ಮಾತಾಡಿದ ವಿಡಿಯೊ. ಅಮಾನತು ತೆರವಾಯಿತು. ಆದರೆ ಮುಗಿದ ಆಟದ ಫಲಿತಾಂಶ ಬದಲಾಗುವುದಿಲ್ಲ ಎಂದರು. ತಂಡದವರು ಒಬ್ಬೊಬ್ಬರಾಗಿ ಫೋನ್ ಮಾಡಿ ಕ್ಷಮೆ ಕೇಳಿದರು. ಒಬ್ಬಿಬ್ಬರು ಮಾಡಲೂ ಇಲ್ಲ.

ಮೈಲೇಶನಿಗೆ ಅಷ್ಟು ಸಾಲಲಿಲ್ಲ. ಸ್ಪರ್ಧೆಯ ಲೆಕ್ಕಕ್ಕಿಲ್ಲದಿದ್ದರೂ ಸರಿ, ಮತ್ತೊಮ್ಮೆ ಆಡಲೇಬೇಕೆಂದು ಹಟ ಹಿಡಿದ. ಎಲ್ಲಿಂದಲೋ ಬೇರೆ ಕಂಪನಿಯ ಕಾರ್ಡು ಎರವಲು ತಂದ. ಸ್ನೇಹಾ ತನ್ನದನ್ನೇ ಹಾಕಿಕೊಂಡಳು. ಒಂದು ಭಾನುವಾರ ಮಧ್ಯಾಹ್ನ ಇಬ್ಬರೂ ಅದೇ ಕೋಣೆಯಲ್ಲಿ ಅಕ್ಕಪಕ್ಕ ಕೂತು ಆಡಿದರು. ನಮಗೂ ಕರೆ ಬಂದಿತ್ತು. ಆಟದ ತಲೆಬುಡ ತಿಳಿಯದಿದ್ದರೂ ನಾನು ಉಸಿರು ಬಿಗಿಹಿಡಿದು ನೋಡಿದೆ. ಪರದೆ ಒಮ್ಮೆಯೂ ಕಪ್ಪಾಗಲಿಲ್ಲ. ಕೊನೆಯವರೆಗೂ ಇಬ್ಬರೂ ಸಮಸಮ. ಕೊನೆಯ ಗಳಿಗೆಯಲ್ಲಿ ಸ್ನೇಹಾ ಅವಸರಪಟ್ಟಳು, ಮೈಲೇಶ ಕಾದಿದ್ದ.

ಆಟ ಮುಗಿಯಿತು. ಪ್ರಭುಲಿಂಗಪ್ಪ ಗಾಬರಿಯಿಂದ ಮಗಳ ಮುಖ ನೋಡಿದರು.

ಸ್ನೇಹಾ ಹೆಡ್‌ಫೋನು ತೆಗೆದಳು. ಅವಳು ನಗುತ್ತಿದ್ದಳು.

"ಈ ಸಲ ನಾನ ಸೋತೇನಿ ಅಪ್ಪಾ," ಎಂದಳು. "ಖರೇ ನಾನ!"