ಕುಂಕುಮವಿಲ್ಲದ ಜಾಳಿಗೆ

ಮಂಗಳವಾರ ಬೆಳಿಗ್ಗೆ ಹನ್ನೊಂದು ಗಂಟೆ. ಸುರೇಬಾನದ ಅಂದಾನೆಪ್ಪನ ಹಿಟ್ಟಿನ ಗಿರಣಿಯಿಂದ ಒಂದು ಚೀರಾಟ ಕೇಳಿತು. ಮುಂದಿನ ಕಟ್ಟೆಯ ಮೇಲೆ ಪಾಳಿ ಹಚ್ಚಿದ್ದ ಡಬ್ಬಿಗಳಿದ್ದವು, ಜನ ಇರಲಿಲ್ಲ. ಡಬ್ಬಿ ಇಟ್ಟು ಮನೆಗೆ ಹೋಗುವುದು ಊರಿನ ರೂಢಿ. ಹಿಂದಿನ ಕೋಣೆಗೆ ಮೊದಲು ಓಡಿದವನು ಗಿರಣಿ ನಡೆಸುವ ನಿಂಗರಾಜ. ಅವನು ಮೋಟಾರು ನಿಲ್ಲಿಸಿದ. ಮೋಟಾರಿನಿಂದ ಗಾಲಿಗೆ ಹಾಕಿದ ಬೆಲ್ಟಿನ ಪಟ್ಟಾದ ಕೆಳಗೆ, ಕೆಂಪಾದ ಜೋಳದ ಹಿಟ್ಟಿನಲ್ಲಿ, ಕೂಲಿಯ ಪದ್ಮವ್ವ ಬಿದ್ದಿದ್ದಳು.

ಕಸ ಗುಡಿಸುತ್ತಿದ್ದವಳ ಕುಪ್ಪಸದ ತೋಳನ್ನು ತಿರುಗುವ ಪಟ್ಟಾ ಎಳೆದುಕೊಂಡಿತ್ತು. ಬಲಗೈಯ ನಾಲ್ಕು ಬೆರಳು ಹೋದವು. ಗಂಡ ಇಲ್ಲದ ಹೆಂಗಸು. ಹಗಲು ಗಿರಣಿ, ಸಂಜೆ ಖಾನಾವಳಿಗೆ ರೊಟ್ಟಿ ಬಡಿಯುವುದು, ಅದರಲ್ಲೇ ಮಗಳು ಪೂನಮ್‌ಳ ಕಾಲೇಜು. ರೊಟ್ಟಿ ಬಡಿಯುವ ಕೈಯೇ ಹೋದ ಮೇಲೆ ಇನ್ನೇನು ಉಳಿಯಿತು?

* * *

ಇಪ್ಪತ್ತು ದಿನಗಳ ನಂತರ ವಕೀಲೆ ಸ್ನೇಹಲ್ ಗಿರಣಿಗೆ ಬಂದಳು. ರಾಮದುರ್ಗದ ಕೋರ್ಟಿನಲ್ಲಿ ಅವಳಿಗಿದು ನಾಲ್ಕನೇ ವರ್ಷ. ಕಕ್ಷಿದಾರರು ಕಡಿಮೆ, ಪ್ರಶ್ನೆಗಳು ಜಾಸ್ತಿ. ಪದ್ಮವ್ವನ ಪರವಾಗಿ ಪರಿಹಾರದ ದಾವೆ ಹೂಡಬೇಕಿತ್ತು. ಪಟ್ಟಾಕ್ಕೆ ಕೈ ಸಿಗದಂತೆ ಮುಚ್ಚುವ ಕಬ್ಬಿಣದ ಜಾಳಿಗೆ ಇರಲೇ ಇಲ್ಲ, ಅದೇ ಮಾಲೀಕನ ನಿರ್ಲಕ್ಷ್ಯ ಎಂಬುದು ಅವಳ ವಾದ.

ಆದರೆ ಜಾಳಿಗೆ ಇತ್ತು. ಪಟ್ಟಾವನ್ನೂ ಗಾಲಿಯನ್ನೂ ಮುಚ್ಚಿಕೊಂಡು ಠೀವಿಯಿಂದ ಕುಳಿತಿತ್ತು. ತುಕ್ಕು ಹಿಡಿದ ಹಳೇ ಮಾಲು.

"ನೋಡ್ರಿ ಮೇಡಂ," ಎಂದ, ಅಪಘಾತದ ಪಂಚನಾಮೆ ಬರೆದಿದ್ದ ಹೆಡ್ ಕಾನ್‌ಸ್ಟೇಬಲ್ ಬಸಯ್ಯ. "ನಾನೂ ಹಿಂಗ ನೋಡಿ ಬರಕೊಂಡೇನಿ."

"ಅದು ಕುಂತು ಎರಡು ವರ್ಷ ಆತರಿ," ಎಂದ ಅಂದಾನೆಪ್ಪ. "ಆಕಿನ ತಗದು ಕೈ ಹಾಕ್ಯಾಳ. ದವಾಖಾನಿಗೆ ನನ್ನ ಗಾಡ್ಯಾಗ ಒಯ್ದೇನ್ರಿ. ಅದಕ್ಕ ಇದ ಉಪಕಾರೇನು?"

ಯರಗಟ್ಟಿಯ ವೆಲ್ಡಿಂಗ್ ಅಂಗಡಿಯ ಎರಡು ವರ್ಷದ ಹಿಂದಿನ ರಸೀದಿಯನ್ನೂ ತೋರಿಸಿದ. ಸ್ನೇಹಲ್ ನಿಂಗರಾಜನ ಕಡೆ ತಿರುಗಿದಳು. ಅವನು ಹಿಟ್ಟೇ ಬಿದ್ದಿರದ ನೆಲವನ್ನು ಗುಡಿಸತೊಡಗಿದ.

"ಅವತ್ತ ಜಾಳಗಿ ಇತ್ತೇನ್ರಿ ಅಣ್ಣಾರ?"

"ಮಾಲಕರು ಹೇಳ್ಯಾರಲ್ಲರಿ," ಎಂದ, ತಲೆ ಎತ್ತದೆ.

* * *

ಯರಗಟ್ಟಿಗೆ ಸ್ನೇಹಲ್ ಜೊತೆ ಪದ್ಮವ್ವನೂ ಬಂದಳು. ಕೈಗೆ ಬಿಳಿ ಪಟ್ಟಿ, ಅದರ ಮೇಲೆ ಸೆರಗು. ವೆಲ್ಡಿಂಗ್ ಅಂಗಡಿಯ ಶಂಕ್ರೆಪ್ಪ ರಸೀದಿಯ, ಜಾಳಿಗೆಯ ಫೋಟೊ ನೋಡಿ ಕೂಡಲೇ ಹೇಳಿದ.

"ನನ್ನ ಕೈ ಕೆಲಸನ ಐತ್ರಿ. ಎರಡು ವರ್ಷ ಆತು. ಸುರೇಬಾನದ ಗಿರಣಿಗೆ ಅಂತನ ಮಾಡಿಕೊಟ್ಟಿದ್ದೆ."

ಅಲ್ಲಿಗೆ ಕೇಸು ನೀರು ಪಾಲು. ಅಪಘಾತವಾದ ಮೇಲೆ ಅಂದಾನೆಪ್ಪ ಬೇರೆಲ್ಲಿಂದಲೋ ಹಳೇ ಜಾಳಿಗೆ ತಂದು ಕೂರಿಸಿದ್ದಾನೆ ಎಂಬ ಸ್ನೇಹಲ್‌ಳ ಅನುಮಾನ ಮುಗಿಯಿತು.

ಪದ್ಮವ್ವ ಅಂಗಡಿಯ ಹೊರಗಿನ ಕಲ್ಲಿನ ಮೇಲೆ ಕುಳಿತಳು. "ನಾನು ಗಿರಣಿ ಸೇರಿ ಒಂದು ವರ್ಷ ಆತರಿ. ಒಂದು ದಿನಾನೂ ಅಲ್ಲಿ ಜಾಳಗಿ ನೋಡಿಲ್ಲ. ಊರ ಮಂದಿ ಸುಳ್ಳಿ ಅಂತಾರ. ನಿಮಗೂ ಹಂಗ ಅನಸತೈತೇನ್ರಿ ಮೇಡಂ?"

ಸ್ನೇಹಲ್‌ಗೂ ಒಂದು ಗಳಿಗೆ ಹಾಗೇ ಅನಿಸಿತ್ತು. ಅದಕ್ಕೆ ಅವಳಿಗೇ ನಾಚಿಕೆಯಾಯಿತು. ಮುಖ ತಪ್ಪಿಸಲು ಅಂಗಡಿಯೊಳಗೆ ನೋಡಿದಳು. ವೆಲ್ಡಿಂಗ್ ಮಷಿನ್ನಿನ ಮೇಲೆ ಕುಂಕುಮ. ಸುತ್ತಿಗೆಯ ಮೇಲೆ ಕುಂಕುಮ. ಮೂಲೆಯ ಮುರುಕು ಇಕ್ಕಳದ ಮೇಲೂ ಕುಂಕುಮ.

"ಇದನ್ನ ಯಾವಾಗ ಹಚ್ಚಿದ್ದು?"

"ಖಂಡೆ ಪೂಜಿಗೆ ರೀ. ಎಣ್ಣ್ಯಾಗ ಕಲಸಿ ಹಚ್ಚತೇವಿ. ವರ್ಷಾನಗಟ್ಟಲೆ ಹೋಗೂದಿಲ್ಲ."

ದಸರೆಯ ಖಂಡೆ ಪೂಜೆ, ಅಂದರೆ ಆಯುಧ ಪೂಜೆ, ಕಳೆದು ಒಂದು ತಿಂಗಳಿಗೆ ಪದ್ಮವ್ವನ ಬೆರಳು ಹೋಗಿದ್ದವು.

"ಏಳ್ರಿ ಪದ್ಮಕ್ಕ," ಎಂದಳು ಸ್ನೇಹಲ್. "ಬಸ್ ತಪ್ಪಿದ್ರ ತಪ್ಪಲಿ, ಟಂಟಂ ಆಟೋದಾಗ ಗಿರಣಿಗೆ ಹೋಗೂಣು."

* * *

ಬಸಯ್ಯನನ್ನು ಮತ್ತೆ ಕರೆಸಲಾಯಿತು. ಸ್ನೇಹಲ್ ಗಿರಣಿಯೊಳಗೆ ಒಂದೊಂದನ್ನೇ ಬೊಟ್ಟು ಮಾಡಿ ತೋರಿಸಿದಳು.

"ಮೋಟಾರಿಗೆ ಕುಂಕುಮ. ತಕ್ಕಡಿಗೆ ಕುಂಕುಮ. ಬಕೀಟಿಗೆ, ಕಸಬರಿಗಿ ಹಿಡಿಕಿಗೂ ಕುಂಕುಮ. ಜಾಳಗಿಗೆ?"

ಬಸಯ್ಯ ಬಗ್ಗಿ ಸುತ್ತಲೂ ನೋಡಿದ. ತುಕ್ಕು ಬಿಟ್ಟರೆ ಏನೂ ಇರಲಿಲ್ಲ.

"ಮರತಿರಬೇಕರಿ," ಎಂದ ಅಂದಾನೆಪ್ಪ. ಧ್ವನಿ ಸ್ವಲ್ಪ ಜೋರಾಗಿತ್ತು.

ಸ್ನೇಹಲ್ ಅವನಿಗೆ ಉತ್ತರ ಕೊಡದೆ ನಿಂಗರಾಜನ ಮುಂದೆ ನಿಂತಳು. "ಅಣ್ಣಾರ, ಖಂಡೆ ಪೂಜಿ ದಿನ ಕುಂಕುಮ ಹಚ್ಚಿದವರು ಯಾರು?"

"ನಾನ ರೀ. ಹದಿನಾರು ವರ್ಷದಿಂದ ನಾನ ಹಚ್ಚೂದು." ಅವನ ಮಾತಿನಲ್ಲಿ ಅಭಿಮಾನವಿತ್ತು.

"ಮತ್ತ ಜಾಳಗಿ ಯಾಕ ಬಿಟ್ಟ್ರಿ?"

ಹದಿನಾರು ವರ್ಷ ಒಂದು ಮೊಳೆಯನ್ನೂ ಬಿಡದೆ ಪೂಜೆ ಮಾಡಿದವನಿಗೆ ಆ ಮಾತು ಚುಚ್ಚಿತು. ಮಾಲೀಕನ ಅಂಜಿಕೆಗೂ ಮೀರಿ ಬಾಯಿ ತೆರೆಯಿತು.

"ಇದ್ದಿದ್ರ ಬಿಡತಿದ್ನೇನ್ರಿ?"

ಬಾಗಿಲಲ್ಲಿ ನಿಂತಿದ್ದ ಪದ್ಮವ್ವ ಒಳಗೆ ಬಂದು ಅವನೆದುರು ನಿಂತಳು. ಅವಳನ್ನು ನೋಡಿದ ಮೇಲೆ ನಿಂಗರಾಜ ತಡೆದುಕೊಳ್ಳಲಿಲ್ಲ.

"ಪಟ್ಟಾ ಗಾಲಿಯಿಂದ ಉಚ್ಚಿ ಬಿದ್ದಾಗೊಮ್ಮೆ ಜಾಳಗಿ ಬಿಚ್ಚಬೇಕಾಗತಿತ್ತರಿ. ತಡ ಆಗತೈತಿ ಅಂತ ಕೂರಿಸಿದ ಎರಡು ತಿಂಗಳಿಗೇ ಮಾಲಕರು ತಗಸಿಬಿಟ್ಟರು. ಹಿತ್ತಲದಾಗ ಕರಿಬೇವಿನ ಸಸಿಗೆ ಆಡು ಬಾಯಿ ಹಾಕಬಾರದು ಅಂತ ಸುತ್ತ ಇಟ್ಟಿದ್ದರು. ಈಕಿನ್ನ ದವಾಖಾನಿಗೆ ಒಯ್ದ ದಿನಾನ ತಂದು ಕೂರಿಸಿದಿವ್ರಿ. ನನಗೂ ಹೊಟ್ಟಿ ಐತಿ, ಸುಮ್ಮನಾದೆ. ತಪ್ಪಾತವ್ವಾ ಪದ್ಮವ್ವಾ."

ಬಸಯ್ಯ ಹಿತ್ತಲಿಗೆ ಹೋಗಿ ಬಂದ. ಕರಿಬೇವಿನ ಸಸಿ ಬುಡದವರೆಗೆ ಮೇಯ್ದುಹೋಗಿತ್ತು. ಸುತ್ತಲಿನ ಮಣ್ಣಿನಲ್ಲಿ ಜಾಳಿಗೆ ಕುಳಿತಿದ್ದ ಗೆರೆ ಇನ್ನೂ ಇತ್ತು.

"ರಸೀದಿ ಖರೇ, ಜಾಳಗಿನೂ ಹಳೇದ ಖರೇ," ಎಂದಳು ಸ್ನೇಹಲ್. "ನಾನೂ ಅಲ್ಲೇ ಮೋಸ ಹೋದೆ. ಎಲ್ಲಿಂದ ತಂದ್ರು ಅಂತ ಹುಡುಕಿದೆ, ಪೂಜಿ ದಿನ ಎಲ್ಲಿತ್ತು ಅಂತ ಕೇಳಲಿಲ್ಲ."

ಅಂದಾನೆಪ್ಪ ಜೋಳದ ಚೀಲದ ಮೇಲೆ ಕುಳಿತ. "ಅಂಜಿ ಮಾಡಿದೆನ್ರಿ," ಎಂದ. ಅಂಜಿದ್ದು ನಿಜವೇ ಇರಬಹುದು. ಆದರೆ ತನ್ನ ತಪ್ಪನ್ನು ಬೆರಳು ಕಳೆದುಕೊಂಡವಳ ತಲೆಗೆ ಕಟ್ಟುವುದೆಂದರೆ ಗಾಯದ ಮೇಲೆ ಬರೆ. ಬಸಯ್ಯ ಹಳೆಯ ಪಂಚನಾಮೆ ಬದಿಗಿಟ್ಟು ಹೊಸ ಹಾಳೆ ತೆಗೆದ.

* * *

ಸೋಮವಾರ, ರಾಮದುರ್ಗದ ಕೋರ್ಟಿನ ಆವರಣ. ದಾವೆಯ ಕಾಗದ ಸಿದ್ಧವಾಗಿತ್ತು. ಸಾಕ್ಷಿಗಳ ಪಟ್ಟಿಯಲ್ಲಿ ಮೊದಲ ಹೆಸರು ನಿಂಗರಾಜನದು.

ಸ್ನೇಹಲ್ ಶಾಯಿಯ ಪ್ಯಾಡ್ ಮುಂದಿಟ್ಟಳು. "ಎಡಗೈ ಹೆಬ್ಬೆಟ್ಟು ಒತ್ತಿದ್ರ ಸಾಕು, ಪದ್ಮಕ್ಕ."

"ಏಳನೇತ್ತ ತನಕ ಸಾಲಿ ಕಲತೇನ್ರಿ," ಎಂದಳು ಪದ್ಮವ್ವ. "ಸಹೀನ ಮಾಡತೇನಿ."

ಎಡಗೈಯಲ್ಲಿ ಪೆನ್ನು ಹಿಡಿದಳು. ಅದು ಎರಡು ಸಲ ಜಾರಿತು. ಸ್ನೇಹಲ್ ಕಾಗದ ಸರಿಯದಂತೆ ಒತ್ತಿ ಹಿಡಿದಳು. ಮೂರು ಅಕ್ಷರಕ್ಕೆ ಬಹಳ ಹೊತ್ತು ಹಿಡಿಯಿತು. ಸ್ನೇಹಲ್‌ಳ ಕಣ್ಣು ತುಂಬಿ ಬಂತು.

ಪದ್ಮವ್ವ ತಾನು ಬರೆದದ್ದನ್ನು ನೋಡಿದಳು. "ಓದಾಕ ಬರತೈತೇನ್ರಿ?"

"ಬರತೈತಿ," ಎಂದಳು ಸ್ನೇಹಲ್.