ಸ್ಮೃತಿದರ್ಶಕಕ್ಕೆ ಕಾಣದ ಮಗು

ಸ್ಮೃತಿದರ್ಶಕದ ಶಿರಸ್ತ್ರಾಣವನ್ನು ಹೊನ್ನಗಂಗಳ ತಲೆಗೆ ಬಿಗಿದು ಸಹಾಯಕಿ ಗುಂಡಿ ಒತ್ತಿದಳು. ಯಂತ್ರ ಸಣ್ಣಗೆ ಗುಂಯ್‌ಗುಡತೊಡಗಿತು.

"ಮಗುವಿಗೆ ನೀರೆರೆದದ್ದನ್ನ ನೆನಪು ಮಾಡ್ಕೊಳ್ಳಿ."

ಹೊನ್ನಗಂಗ ನೆನಪು ಮಾಡಿಕೊಂಡಳು. ಬಿಗಿದಿದ್ದ ಮುಖ ಸಡಿಲವಾಯಿತು. ತೊಡೆಯ ಮೇಲಿದ್ದ ಬೆರಳುಗಳು ತಮ್ಮಷ್ಟಕ್ಕೆ ತಾವೇ ಆಡಿದವು. ಎದುರಿನ ಗೋಡೆಯಗಲದ ತೆರೆಯಲ್ಲಿ ಮಾತ್ರ ಏನೂ ಮೂಡಲಿಲ್ಲ. ಮೊದಲಿನಿಂದ ಕೊನೆಯವರೆಗೆ ಬರಿಯ ಕಪ್ಪು.

"ಏನ್ ಬಂತು ಮೇಡಂ?" ಎಂದು ಅವಳು ಕೇಳಿದಳು.

ಶಿಶುಪಾಲನಾ ಮಂಡಳಿಯ ಅಧ್ಯಕ್ಷೆ ಮಂದಾಕಿನಿ ದೇವರಾಜ್ ತೆರೆಯಿಂದ ಕಡತದತ್ತ ತಿರುಗಿದರು. "ಏನೂ ಬಂದಿಲ್ಲಮ್ಮ. ಬರೀ ಕತ್ತಲೆ. ನಿನ್ನ ಪಾಲನಾಂಕ ಸೊನ್ನೆ ತೋರಿಸ್ತಿದೆ."

"ದಿನಾ ನಾನೇ ನೀರ್ ಹಾಕ್ತಿದ್ದೆ. ಸೊನ್ನೆ ಹೆಂಗಾಗುತ್ತೆ?"

"ಯಂತ್ರ ಸುಳ್ಳು ಹೇಳಲ್ಲ. ನಿಯಮ ಅಂದ್ರೆ ನಿಯಮ. ನನಗೂ ಬೇಜಾರೇ, ಆದ್ರೆ ನನ್ನ ಕೈಲಿ ಏನೂ ಇಲ್ಲ."

ಆ ನಿಯಮವನ್ನು ಬರೆದವರು ಮಂದಾಕಿನಿಯವರೇ. ಅವರ ಕೈಯಲ್ಲಿ ಏನಿತ್ತು, ಏನಿರಲಿಲ್ಲ ಎಂಬುದನ್ನು ಓದುಗರೇ ತೀರ್ಮಾನಿಸಲಿ.

ಸ್ಮೃತಿದರ್ಶಕ ಹುಟ್ಟಿದ್ದು ಒಳ್ಳೆಯ ಕೆಲಸಕ್ಕೇ. ನೆನಪು ಮಾಡಿಕೊಂಡಾಗ ಮೆದುಳಿನಲ್ಲಿ ಏಳುವ ಸೂಕ್ಷ್ಮ ವಿದ್ಯುತ್ ತರಂಗಗಳನ್ನು ಹಿಡಿದು, ಅವುಗಳಿಂದ ಚಿತ್ರ ಕಟ್ಟಿ ತೆರೆಯ ಮೇಲೆ ಬಿಡುವ ಯಂತ್ರ ಅದು. ಹೊಡೆತ ತಿಂದೂ ಬಾಯಿಬಿಡಲಾರದ ಮಕ್ಕಳ ನೆನಪನ್ನು ನೋಡಿ ಅವರನ್ನು ಕಾಪಾಡಲು ಬಳಸುತ್ತಿದ್ದರು. ಇಷ್ಟು ಅನುಕೂಲದ ವಸ್ತು ಕೈಗೆ ಸಿಕ್ಕ ಮೇಲೆ ಮಂಡಳಿ ಸುಮ್ಮನಿರುತ್ತದೆಯೇ? ಎಲ್ಲ ತಂದೆತಾಯಿಗಳನ್ನೂ ಪರೀಕ್ಷಿಸಿ, ಮಗುವಿನ ಆರೈಕೆಯ ನೆನಪಿಗೆ ಪಾಲನಾಂಕ ಕೊಟ್ಟು, ಅದು ಕಡಿಮೆ ಬಂದವರ ಮಕ್ಕಳನ್ನು ವಶಕ್ಕೆ ಪಡೆಯಬೇಕೆಂದು ನಿಯಮ ಮಾಡಿತು. ಊರಿಗೆ ಊರೇ ಕೂಗಾಡಿತು. ಹಾಗಾಗಿ ಕೂಗಿದರೂ ಯಾರ ಕಿವಿಗೂ ಬೀಳದವರಿಂದ ಆರಂಭಿಸಿದರು. ಅಂಗವಿಕಲ ತಂದೆತಾಯಿಗಳು ಮೊದಲು, ಉಳಿದವರು ಆಮೇಲೆ ಎಂದಾಯಿತು. ಆ 'ಆಮೇಲೆ' ಬರಲೇ ಇಲ್ಲ.

ಹೊನ್ನಗಂಗ ಹುಟ್ಟುಕುರುಡಿ. ತುಮಕೂರಿನ ಬ್ರೈಲ್ ಮುದ್ರಣಾಲಯದಲ್ಲಿ ಕರಡು ತಿದ್ದುತ್ತಾಳೆ. ಗಂಡ ಓಂಕಾರ ಹಾರ್ಮೋನಿಯಂ ರಿಪೇರಿ ಮಾಡುತ್ತಾನೆ, ಅವನಿಗೂ ಕಣ್ಣಿಲ್ಲ. ಮಗಳು ಇಂಚರ ಅಂಬೆಗಾಲಿಡಲು ಶುರುಮಾಡಿದಾಗ ಅವಳೆಲ್ಲಿದ್ದಾಳೆಂದು ತಿಳಿಯಲು ಕಾಲಿಗೆ ಗೆಜ್ಜೆ ಕಟ್ಟಿದ್ದರು. ತಪಾಸಣೆಗೆ ಬಂದ ಅಧಿಕಾರಿ ಅದನ್ನು ನೋಡಿ, 'ದನಕ್ಕೆ ಗಂಟೆ ಕಟ್ಟಿದಂತೆ ಮಗುವಿಗೆ ಕಟ್ಟಿದ್ದಾರೆ' ಎಂದು ವರದಿ ಕೊಟ್ಟ. ಆ ಬೀದಿಯ ಯಾವ ಕೂಸಿನ ಕಾಲಲ್ಲಿ ಗೆಜ್ಜೆ ಇರಲಿಲ್ಲ? ಕಣ್ಣಿದ್ದವರು ಕಟ್ಟಿದರೆ ಚೆಂದ, ಕಣ್ಣಿಲ್ಲದವರು ಕಟ್ಟಿದರೆ ಹಿಂಸೆ. ನೆನೆದರೆ ಹೊಟ್ಟೆ ಉರಿಯುತ್ತದೆ. ಗೆಜ್ಜೆ ಬಿಚ್ಚಿ ಓಂಕಾರನ ಕೈಗಿಟ್ಟು, ಹಾಲು ಕುಡಿಯುವ ಕೂಸನ್ನು ಎತ್ತಿಕೊಂಡು ಹೋದರು. ಈಗ ಪರೀಕ್ಷೆಯಲ್ಲೂ ಸೊನ್ನೆ ಬಂದು, ಮಗು ಮಂಡಳಿಯ ಶಿಶುಗೃಹದಲ್ಲೇ ಉಳಿಯಿತು.

ಹೊನ್ನಗಂಗ ಅಳುತ್ತಾ ಕೂರಲಿಲ್ಲ. ಯಂತ್ರ ಮಾಡಿದವರು ಯಾರೆಂದು ವಿಚಾರಿಸಿಕೊಂಡು, ಡಾ. ವಾಸುಕಿಯವರ ಪ್ರಯೋಗಾಲಯಕ್ಕೆ ಗಂಡನ ಜೊತೆ ಹೋಗಿ ಕೂತಳು. ವಾಸುಕಿ ಮೆದು ಮಾತಿನ ಮನುಷ್ಯ. ಅವಳ ನೆನಪಿನ ದಾಖಲೆಯನ್ನು ಮತ್ತೆ ಹಾಕಿ ನೋಡಿದರು.

"ಯಂತ್ರದಲ್ಲಿ ದೋಷ ಇಲ್ಲಮ್ಮ. ನಿಮಗೆ ಕಾಣೋದು ಕತ್ತಲೆ ತಾನೆ? ಅದನ್ನೇ ತೋರಿಸಿದೆ."

"ನನಗೆ ಕತ್ತಲೇನೂ ಕಾಣಲ್ಲ ಸಾರ್. ನಿಮ್ಮ ಬೆನ್ನಿಗೆ ಏನು ಕಾಣುತ್ತೆ ಹೇಳಿ ನೋಡೋಣ."

ವಾಸುಕಿ ಹಿಂದಕ್ಕೆ ತಿರುಗಿ ನೋಡಿದರು.

"ಕಪ್ಪು ಕಾಣಲ್ಲ ತಾನೆ? ಏನೂ ಇಲ್ಲ, ಅಷ್ಟೆ. ನನ್ನ ಕಣ್ಣೂ ಹಂಗೇ. ಆ ಕಪ್ಪು ನನ್ನದಲ್ಲ, ನಿಮ್ಮ ಯಂತ್ರದ್ದು. ನನ್ನ ಮಗು ನನ್ನ ಕಾಲ್ಮೇಲೆ ಮಲಗಿತ್ತಲ್ಲ, ಅದೆಲ್ಲಿ ಹೋಯ್ತು?"

"ಮುಟ್ಟಿದ್ದು, ಕೇಳಿದ್ದು, ಮೂಸಿದ್ದು ಎಲ್ಲ ಬೇರೆ ತರಂಗ. ಅವು ಚಿತ್ರಕ್ಕೆ ಅಡ್ಡ ಬರುತ್ತವೆ ಅಂತ ಒಂದು ಜರಡಿ ಇಟ್ಟಿದ್ದೇವೆ. ಗದ್ದಲ ಅಂತ ತೆಗೆದುಹಾಕುತ್ತೆ."

ಹೊನ್ನಗಂಗ ಎದ್ದು ನಿಂತಳು. "ನನ್ನ ಮಗು ನಿಮಗೆ ಗದ್ದಲನಾ? ಈ ಜರಡಿ ಇಡೋವಾಗ ನಮ್ಮಂಥೋರನ್ನ ಒಬ್ಬರನ್ನಾದ್ರೂ ಕರೆದು ಕೇಳಿದ್ರಾ?"

ಕೇಳಿರಲಿಲ್ಲ. ಕೇಳಬೇಕೆಂದು ಅಷ್ಟು ಜನ ವಿದ್ವಾಂಸರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ವಾಸುಕಿ ತಲೆ ತಗ್ಗಿಸಿದರು. ತಗ್ಗಿಸಿದ್ದು ಅವಳಿಗೆ ಕಾಣುವುದಿಲ್ಲವೆಂದು ನೆನಪಾಗಿ, ಬಾಯಿಬಿಟ್ಟು ತಪ್ಪಾಯಿತು ಎಂದರು.

ತಪ್ಪಾಯಿತು ಎಂದವರು ಅಲ್ಲಿಗೇ ನಿಲ್ಲಿಸಲಿಲ್ಲ, ಅಷ್ಟರಮಟ್ಟಿಗೆ ಅವರು ಒಳ್ಳೆಯವರು. ಜರಡಿಯನ್ನು ಕಿತ್ತುಹಾಕಿದರು. ಶಸ್ತ್ರವೈದ್ಯರ ತರಬೇತಿಗೆಂದು ಮಾಡಿದ್ದ ಸ್ಪರ್ಶಪೀಠಗಳನ್ನು ತಂದು ಸ್ಮೃತಿದರ್ಶಕಕ್ಕೆ ಜೋಡಿಸಿದರು. ಪೀಠದಲ್ಲಿ ಕೂತವರಿಗೆ ಇನ್ನೊಬ್ಬರು ನೆನೆದ ಭಾರ, ಬಿಸಿ, ಒದ್ದೆ, ವಾಸನೆ ಎಲ್ಲವೂ ತಮ್ಮವೇ ಎನ್ನುವಂತೆ ತಾಕುತ್ತಿದ್ದವು. ಮರುಪರೀಕ್ಷೆಗೆ ಮಂಡಳಿಯನ್ನು ಒಪ್ಪಿಸಲು ಅವರು ಹತ್ತಾರು ಸಲ ಓಡಾಡಬೇಕಾಯಿತು. ಅಷ್ಟರಲ್ಲಿ ಮಳೆಗಾಲ ಹೋಗಿ ಚಳಿ ಬಂದಿತ್ತು.

ಮರುಪರೀಕ್ಷೆಯ ದಿನ ಮಂಡಳಿಯ ಸದಸ್ಯರು ಪೀಠಗಳಲ್ಲಿ ಕೂತರು. ಹೊನ್ನಗಂಗ ಮತ್ತೆ ಅದನ್ನೇ ನೆನೆದಳು. ತೆರೆ ಕಪ್ಪಾಗಿಯೇ ಇತ್ತು. ಆದರೆ ಎಲ್ಲರ ಮೊಣಕಾಲಿನಿಂದ ಪಾದದವರೆಗೆ ಒಂದು ಕೂಸಿನ ಭಾರ ಬಂದು ಮಲಗಿತು. ಅಂಗೈಗೆ ಹರಳೆಣ್ಣೆಯ ಜಿಡ್ಡು, ಅದರಡಿ ಮೆತ್ತನೆಯ ಬೆನ್ನು, ಕತ್ತಿನ ಮಡಿಕೆ. ನೀರಿನ ಬಿಸಿ ನೋಡಿದ ಮೊಣಕೈ. ಕಣ್ಣಿಗೆ ನೀರಿಳಿಯದಂತೆ ಹುಬ್ಬಿನ ಮೇಲೆ ಅಡ್ಡ ಹಿಡಿದ ಕೈ. ಅಳು ಬರುವ ಮುಂಚೆ ಪುಟ್ಟ ಎದೆಯಲ್ಲಿ ಉಸಿರು ಬಿಗಿಯುವುದು, ತಾಯಿಯ ಕೈ ಅಲ್ಲಿಗೇ ಹೋಗಿ ಸವರುವುದು. ಕೊನೆಗೆ ಸಾಂಬ್ರಾಣಿ ಹೊಗೆ. ಹಿರಿಯ ಸದಸ್ಯರೊಬ್ಬರು ಕೂಸು ಜಾರೀತೆಂದು ತಮಗರಿವಿಲ್ಲದೆ ಎರಡೂ ಪಾದಗಳನ್ನು ಜೋಡಿಸಿ ಹಿಡಿದಿದ್ದರು.

ಪಾಲನಾಂಕದ ಮುಳ್ಳು ತುತ್ತತುದಿಗೆ ಹೋಗಿ ನಿಂತಿತು.

"ಇದು ಹೊಸ ಅಳತೆ," ಎಂದರು ವಾಸುಕಿ. "ಹೋಲಿಸಿ ನೋಡೋಕೆ ಕಣ್ಣಿರುವ ತಾಯಿಯ ನೆನಪೊಂದು ಬೇಕು."

"ನನ್ನದೇ ತಗೊಳ್ಳಿ," ಎಂದು ಮಂದಾಕಿನಿ ತಾವಾಗಿಯೇ ಶಿರಸ್ತ್ರಾಣ ತೊಟ್ಟರು. ಅವರಿಗೆ ಶಾಲೆಗೆ ಹೋಗುವ ಒಬ್ಬ ಮಗನಿದ್ದ. ಅವನು ಹುಟ್ಟಿದಾಗಿನ ಬಾಣಂತನದ ದಿನಗಳನ್ನು ನೆನೆದರು.

ತೆರೆಯ ಮೇಲೆ ಥಳಥಳಿಸುವ ಚಿತ್ರ ಮೂಡಿತು. ತಾಮ್ರದ ಹಂಡೆ, ಹಬೆ, ಕಾಲು ಚಾಚಿ ಕೂತು ಕೂಸಿಗೆ ನೀರೆರೆಯುತ್ತಿದ್ದ ಒಬ್ಬ ಮುದುಕಿ. ಚಿತ್ರದ ಮೂಲೆಯಲ್ಲಿ ಒಂದು ಕೆಂಪು ಚುಕ್ಕೆ ಮಿಣುಕುತ್ತಿತ್ತು. ಪೀಠದಲ್ಲಿದ್ದವರು ಕಾಲಿನ ಮೇಲೆ ಭಾರ ಬೀಳಲೆಂದು ಕಾದರು. ಬೀಳಲಿಲ್ಲ. ಅಂಗೈಯಲ್ಲಿ ಮಾತ್ರ ಚಪ್ಪಟೆಯಾದ, ಬೆಚ್ಚಗಿನ ವಸ್ತುವೊಂದು ತಾಕಿತು.

"ಫೋನು," ಎಂದರು ಹಿರಿಯ ಸದಸ್ಯರು.

ನೀರೆರೆಯಲು ಆಳಿನ ಹೆಂಗಸು ಬರುತ್ತಿದ್ದಳು. ಮಂದಾಕಿನಿ ಎದುರು ನಿಂತು ವಿಡಿಯೋ ಮಾಡುತ್ತಿದ್ದರು. ಆಮೇಲೆ ಆ ವಿಡಿಯೋಗಳನ್ನೇ ನೋಡಿ ನೋಡಿ ಅವೇ ನೆನಪಾಗಿದ್ದವು. ಅವರಿಗೆ ಮಗನ ಮೇಲೆ ಪ್ರೀತಿ ಇಲ್ಲವೆಂದು ಕಂಡವರು ಯಾರೂ ಹೇಳಲಾರರು. ಯಂತ್ರ ಹೇಳಿತು. ಮುಳ್ಳು ಕೆಳಕ್ಕಿಳಿದು ಕೆಂಪು ಗೆರೆ ದಾಟಿತು. ತಕ್ಷಣ ಯಂತ್ರ ನಿಯಮದಂತೆ ಆದೇಶ ಹೊರಡಿಸಿತು: ಮಂಡಳಿಯ ವಾಹನ ಶಾಲೆಗೆ ಹೋಗಿ ಮಗುವನ್ನು ವಶಕ್ಕೆ ಪಡೆಯತಕ್ಕದ್ದು.

ಮಂದಾಕಿನಿ ಶಿರಸ್ತ್ರಾಣ ಕಿತ್ತು ತೆಗೆದರು. "ವಾಸುಕಿ, ಇದನ್ನ ಅಳಿಸಿ."

"ಒಂದನ್ನೇ ಅಳಿಸೋಕೆ ಬರಲ್ಲ ಮೇಡಂ. ಇವತ್ತಿನ ಪರೀಕ್ಷೆ ಪೂರ್ತಿ ಅಳಿಸಬೇಕು. ಇವರದ್ದೂ ಹೋಗುತ್ತೆ, ಮತ್ತೆ ಸೊನ್ನೆಗೆ ಬರ್ತಾರೆ."

ಮಂದಾಕಿನಿ ಹೊನ್ನಗಂಗಳ ಹತ್ತಿರ ಬಂದು ಕೈ ಹಿಡಿದುಕೊಂಡರು. "ನೀವು ಒಪ್ಪಿಕೊಳ್ಳಿ. ನಾಳೆನೇ ನಿಮಗೆ ಬೇರೆ ಪರೀಕ್ಷೆ ಇಡಿಸ್ತೀನಿ. ನನ್ನ ಮಗ ತುಂಬಾ ಹೆದರ್ಕೋತಾನೆ."

ಅಲ್ಲಿಯವರೆಗೆ 'ನೀನು' ಆಗಿದ್ದವಳು ಈಗ 'ನೀವು' ಆಗಿದ್ದಳು. ಹೊನ್ನಗಂಗ ಕೈ ಬಿಡಿಸಿಕೊಂಡಳು.

"ಒಪ್ಪಲ್ಲ ಮೇಡಂ. ಆ ನಿಯಮ ಬರೆದೋರು ನೀವು. ಇವರೆಲ್ಲ ಇಲ್ಲೇ ಕೂತವರೆ. ನಿಯಮಾನೇ ತೆಗೆದು ಬಿಸಾಕಿ. ನಿಮ್ಮ ಮಗ ಉಳೀತಾನೆ, ನನ್ನ ಮಗಳೂ ಬತ್ತಾಳೆ, ನೀವು ಹೊತ್ಕೊಂಡು ಬಂದ ಉಳಿದ ಮಕ್ಕಳೂ ಮನೆಗೆ ಹೋಗ್ತವೆ."

ವಾಹನ ಶಾಲೆ ತಲುಪುವ ಮೊದಲೇ ನಿಯಮ ರದ್ದಾಯಿತು. ಸದಸ್ಯರು ಕೈಯೆತ್ತಿದರು, ಮುಗಿಯಿತು. ಇಷ್ಟು ದಿನ ಯಾರ ಕೈಯಲ್ಲೂ ಇಲ್ಲದ ಕೆಲಸ ಅದು. ಮಂದಾಕಿನಿ ಕಣ್ಣೊರೆಸಿಕೊಂಡು, "ನಿಮ್ಮಿಂದ ನನ್ನ ಮಗ ಉಳಿದ" ಎಂದರು.

"ನನ್ನಿಂದಲ್ಲ," ಎಂದಳು ಹೊನ್ನಗಂಗ. "ಆ ನಿಯಮ ನಿಮ್ಮ ಮನೆಗೆ ಬಂತು, ಅದಕ್ಕೆ ಹೋಯ್ತು. ನಮ್ಮ ಮನೇಲೇ ಇದ್ದಿದ್ರೆ ಇನ್ನೂ ಇರೋದು."

ವಾಸುಕಿ ಅವಳನ್ನೂ ಓಂಕಾರನನ್ನೂ ಶಿಶುಗೃಹಕ್ಕೆ ಕರೆದೊಯ್ದರು. ಅಲ್ಲಿನ ಆಯಾ ಇಂಚರಳನ್ನು ಕರೆತಂದಳು. ಮಗು ಈಗ ನಡೆಯುತ್ತಿತ್ತು. ಹೊನ್ನಗಂಗ ಬಾಗಿ ಎರಡೂ ಕೈ ಚಾಚಿ ಹೆಸರು ಹಿಡಿದು ಕರೆದಳು. ಮಗು ಬರಲಿಲ್ಲ. ಎತ್ತಿಕೊಳ್ಳಹೋದರೆ ಮೈ ಬಿಲ್ಲಾಗಿಸಿ, ಆಯಾಳ ಸೆರಗು ಹಿಡಿದು ಕಿರುಚಿತು. ಯಾವ ಯಂತ್ರವೂ, ಯಾವ ಮಂಡಳಿಯೂ ಇದನ್ನು ಲೆಕ್ಕಕ್ಕೆ ಇಟ್ಟಿರಲಿಲ್ಲ. ವಾಸುಕಿ ಮುಖ ತಿರುಗಿಸಿಕೊಂಡರು.

"ನಾಕು ದಿನ ಇಲ್ಲೇ ಬಂದು ಹೋಗಿ ಮಾಡವ್ವ," ಎಂದಳು ಆಯಾ, ಪಾಪ, ಒಳ್ಳೆಯ ಮನಸ್ಸಿನಿಂದಲೇ. "ನಿನ್ನ ಗುರುತು ಸಿಗೋಗಂಟ. ಸುಮ್ಕೆ ಕೂಸಿಗೆ ಅಳು."

ಹೊನ್ನಗಂಗ ಒದ್ದಾಡುತ್ತಿದ್ದ ಮಗುವನ್ನು ಎದೆಗೆ ಒತ್ತಿ ಹಿಡಿದು ಗಂಡನ ತೋಳು ಹುಡುಕಿಕೊಂಡಳು.

"ಅಳಲಿ," ಎಂದಳು. "ನಮ್ಮನೇಲಿ ಅಳಲಿ."