ಮುಳ್ಳು ಮೇಲೇರದ ಕಾರು

“ಮುಟ್ಟಬೇಡಿ!”

ಅವಳು ಕಿರುಚಿದ ರಭಸಕ್ಕೆ ಗ್ಯಾರೇಜಿನ ಮೂಲೆಯಲ್ಲಿ ಕಿಡಿ ಹಾರಿಸುತ್ತಿದ್ದ ವೆಲ್ಡರ್ ಕೂಡ ಮುಖವಾಡ ಎತ್ತಿ ನೋಡಿದ.

ಬಾನೆಟ್ಟಿನೊಳಗೆ ಬಗ್ಗಿದ್ದ ಮೆಕ್ಯಾನಿಕ್ ಇದ್ದಲ್ಲೇ ನಿಂತುಬಿಟ್ಟ. ಅವನ ಅಂಗೈ ರೇಡಿಯೇಟರಿನ ಮೇಲಿನ ಪೈಪಿನ ಮೇಲಿತ್ತು. ಎಂಜಿನ್ ಓಡುತ್ತಲೇ ಇತ್ತು.

“ಯಾಕೆ ಮೇಡಂ? ಕರೆಂಟ್ ಹೊಡೆಯುತ್ತಾ?”

“ಸುಡುತ್ತೆ... ಕೈ ಸುಟ್ಟುಹೋಗುತ್ತೆ!”

“ಎಲ್ಲಿ ಸುಡುತ್ತೆ? ಈ ನೀರಲ್ಲಿ ಎಳೆಮಗೂಗೆ ಸ್ನಾನ ಮಾಡಿಸಬಹುದು! ಕಾಲು ಗಂಟೆಯಿಂದ ಎಂಜಿನ್ ಓಡ್ತಿದೆ, ಬಿಸಿ ಅನ್ನೋದೇ ಇಲ್ಲ. ಇದೇ ನೋಡಿ ನಿಮ್ಮ ಗಾಡಿ ಕಾಯಿಲೆ.”

ಅವಳು ಎರಡು ಹೆಜ್ಜೆ ಹಿಂದೆ ಸರಿದು, ಸೆರಗಿಲ್ಲದ ಕೋಟಿನ ತುದಿಯನ್ನೇ ಹಿಡಿದು ತಿರುಚುತ್ತಾ ನಿಂತಳು.

ಅವಳು ರಕ್ತ ಪರೀಕ್ಷೆಯ ಲ್ಯಾಬಿನವಳು. ದಿನಾ ಬೆಳಿಗ್ಗೆ ಮನೆಮನೆಗೆ ಹೋಗಿ ರಕ್ತ ತೆಗೆದುಕೊಂಡು ಬರುವ ಕೆಲಸ. ಊರಿಗೆಲ್ಲ ಸೂಜಿ ಚುಚ್ಚುವವಳಿಗೆ ಒಂದು ಕಾರಿನ ಬಾನೆಟ್ ಕಂಡರೆ ಜೀವ ಹೋಗುತ್ತದೆ ಅಂದರೆ ಯಾರಾದರೂ ನಂಬುತ್ತಾರೆಯೇ? ಅದಕ್ಕೇ ಅವಳು ಯಾರಿಗೂ ಹೇಳಿರಲಿಲ್ಲ.

ಇವತ್ತು ಬಂದದ್ದೂ ಬೇರೆ ದಾರಿಯಿಲ್ಲದೆ. ಚಳಿಗೆ ಕಾರಿನ ಹೀಟರ್ ತಣ್ಣನೆ ಗಾಳಿ ಊದುತ್ತಿತ್ತು. ನಿನ್ನೆ ಮುಂದಿನ ಗಾಜಿನ ಮಂಜು ಕರಗದೆ, ರಸ್ತೆ ದಾಟುತ್ತಿದ್ದ ಅಜ್ಜಿಯೊಬ್ಬರು ಒಂದು ಗೇಣು ಅಂತರದಲ್ಲಿ ಬಚಾವಾಗಿದ್ದರು.

“ಥರ್ಮೋಸ್ಟಾಟ್ ಅಂತ ಒಂದು ವಾಲ್ವ್ ಇರುತ್ತೆ ಮೇಡಂ,” ಅವನು ಕೈ ಒರೆಸಿಕೊಂಡ. “ಎಂಜಿನ್ ಬೆಚ್ಚಗಾಗೋವರೆಗೂ ಮುಚ್ಚಿಕೊಂಡಿರಬೇಕು. ಅಲ್ಲಿವರೆಗೆ ಈ ಪೈಪು ತಣ್ಣಗಿರಬೇಕು, ಆಮೇಲೆ ಒಮ್ಮೆಲೇ ಬಿಸಿಯಾಗಬೇಕು. ಇದು ಸ್ಟಾರ್ಟ್ ಮಾಡಿದಾಗಿಂದ ನಿಧಾನಕ್ಕೆ ಬೆಚ್ಚಗಾಗ್ತಿದೆ. ವಾಲ್ವ್ ತೆರೆದೇ ನಿಂತಿರಬೇಕು. ಬಿಚ್ಚಿ ನೋಡ್ಲಾ?”

“ಬೇಡ!”

ಬಿಚ್ಚಿದರೆ... ಅಲ್ಲಿ ವಾಲ್ವೇ ಇಲ್ಲ ಅಂತ ಗೊತ್ತಾಗುತ್ತದೆ. ಯಾರು ತೆಗೆಸಿದ್ದು ಅಂತ ಕೇಳುತ್ತಾನೆ. ಯಾಕೆ ಅಂತ ಕೇಳುತ್ತಾನೆ!

“ಇವತ್ತು ಬೇಡ... ಇನ್ನೊಂದು ದಿನ ಬರ್ತೀನಿ.”

ಅವನು ಒತ್ತಾಯ ಮಾಡಲಿಲ್ಲ. ಬಾನೆಟ್ ಮುಚ್ಚುವ ಮೊದಲು ತಾನು ಮುಟ್ಟಿದ ತಿರುಪನ್ನು ಬಿಗಿಮಾಡಿದ. ಮತ್ತೆ ಬಿಗಿಮಾಡಿದ. ಇನ್ನೊಮ್ಮೆಯೂ ಮಾಡಿದ.

“ಲೋ ಮೂರುಸಲ, ಸಾಕು ಬಿಡೋ!” ವೆಲ್ಡರ್ ಕೂಗಿದ. “ಮೇಡಂ, ಇವನು ಊಟಕ್ಕೆ ಕೂತ್ರೂ ತಟ್ಟೆ ಗಟ್ಟಿ ಇದೆಯಾ ಅಂತ ಮೂರು ಸಲ ನೋಡ್ತಾನೆ!”

ಅವಳಿಗೆ ಆ ಭಯದಲ್ಲೂ ನಗು ಬಂತು. ಅವನ ಕಿವಿ ಕೆಂಪಾಯಿತು.

*

ಆಮೇಲೆ ಅವಳು ನಾಲ್ಕು ಸಲ ಹೋದಳು. ಒಮ್ಮೆ ಫ್ಯಾನ್ ನೋಡಿ ಅಂದಳು, ಒಮ್ಮೆ ಬಿಸಿ ತೋರಿಸುವ ಮೀಟರ್ ನೋಡಿ ಅಂದಳು. ಅವನು ನೋಡಿದ. ಕಾಯಿಲೆ ಅಲ್ಲಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಆದರೂ ಅವನು ಸ್ಟೂಲ್ ಒರೆಸಿ ಕೊಡುತ್ತಿದ್ದ, ಚಹಾ ತರಿಸುತ್ತಿದ್ದ, ಬಾನೆಟ್ ಎತ್ತುವ ಮುಂಚೆ “ಎತ್ತಲಾ?” ಎಂದು ಕೇಳುತ್ತಿದ್ದ.

ಅವಳನ್ನು ಹೀಗೆ ಕೇಳಿದವರು ಯಾರೂ ಇರಲಿಲ್ಲ.

ಐದನೇ ಸಲ ಅವನೇ ಹೇಳಿದ. “ಮೇಡಂ, ತಣ್ಣನೆ ಎಂಜಿನ್ ಕ್ಷೇಮ ಅಂದ್ಕೋಬೇಡಿ. ಒಳಗೊಳಗೇ ಸವೆದುಹೋಗುತ್ತೆ. ಅದೂ ಅಲ್ದೆ... ನೀವು ಮಂಜು ಹಿಡಿದ ಗಾಜಲ್ಲಿ ಓಡಿಸ್ತಿದ್ದೀರಿ ಅಂತ ನೆನೆಸ್ಕೊಂಡ್ರೆ ನನಗೆ ಬೆಳಿಗ್ಗೆ ಕೆಲಸ ಮಾಡೋಕೆ ಆಗಲ್ಲ.”

ಆ ಮಾತಿಗೆ ಅವಳು ಸೋತಳು.

“ಬಿಚ್ಚಿ,” ಅಂದಳು.

ಎಂಜಿನ್ ಆರುವವರೆಗೂ ಕಾದು, ನೀರು ಇಳಿಸಿ, ಅವನು ವಾಲ್ವ್ ಕೂರುವ ಗೂಡು ಬಿಚ್ಚಿದ. ಒಳಗೆ ಖಾಲಿ.

“ಅರೆ, ಯಾರೋ ವಾಲ್ವನ್ನೇ ಕಿತ್ತು...”

ಮಾತು ಅರ್ಧಕ್ಕೆ ನಿಂತಿತು. ಅವನ ಕಣ್ಣು ಕೆಳಗಿನ ಪೈಪಿನ ಕ್ಲಿಪ್ಪಿನ ಮೇಲೆ ನೆಟ್ಟಿತ್ತು. ಬಟ್ಟೆಯಿಂದ ಮಣ್ಣು ಒರೆಸಿದ. ತಿರುಪಿನಿಂದ ಪಟ್ಟಿಯವರೆಗೆ ಎಳೆದಿದ್ದ ಸಣ್ಣ ಹಳದಿ ಬಣ್ಣದ ಗೆರೆ ಕಾಣಿಸಿತು.

ಅವನು ಬೆರಳಿನಿಂದ ಆ ಗೆರೆಯನ್ನು ಮುಟ್ಟಿ ನೋಡಿದ.

“ಇದು ನಾನು ಹಾಕಿದ ಗೆರೆ... ಬಿಗಿ ಮಾಡಿದ ಮೇಲೆ ಗುರುತಿಗೆ ಹಾಕೋದು. ತಿರುಪು ಒಂದು ಎಳೆ ಸಡಿಲ ಆದ್ರೂ ಗೆರೆ ಮುರಿಯುತ್ತೆ. ಇದು ಮುರಿದಿಲ್ಲ ಮೇಡಂ! ಮುರಿದೇ ಇಲ್ಲ!”

ಅವನು ನೆಲದ ಮೇಲೇ ಕುಳಿತುಬಿಟ್ಟ. ನಗುತ್ತಿದ್ದಾನೋ ಅಳುತ್ತಿದ್ದಾನೋ ಅವಳಿಗೆ ತಿಳಿಯಲಿಲ್ಲ.

“ಎರಡು ವರ್ಷದ ಹಿಂದೆ ನಾನು ಬೇರೆ ಗ್ಯಾರೇಜಲ್ಲಿದ್ದೆ. ಇದು ಅದೇ ಗಾಡಿ ಅಂತ ಈಗಲೇ ಗೊತ್ತಾಗಿದ್ದು. ಈ ಪೈಪ್ ಹಾಕಿದ ವಾರಕ್ಕೇ ಎಂಜಿನ್ ಕುದ್ದು, ಬಿಸಿನೀರು ಹಾರಿ ಒಬ್ಬ ಡ್ರೈವರ್ ಕಣ್ಣು ಹೋಯ್ತು. ಕ್ಲಿಪ್ ಸಡಿಲ ಬಿಟ್ಟಿದ್ರು, ನೀರೆಲ್ಲ ಸೋರಿಹೋಯ್ತು ಅಂತ ಅವರು ಬಂದು ಬೀದಿಗೆಲ್ಲ ಕೇಳೋ ಹಾಗೆ ಕೂಗಿದ್ರು. ಆಮೇಲೆ ಒಂದು ಗಾಡೀನೂ ಬರಲಿಲ್ಲ. ಗ್ಯಾರೇಜ್ ನಡೆಸ್ತಿದ್ದ ನಮ್ಮ ಮೇಸ್ತ್ರಿ ಬಾಗಿಲು ಹಾಕಿಬಿಟ್ರು. ಆವತ್ತಿಂದ ನನ್ನ ಕೈಮೇಲೆ ನನಗೇ ನಂಬಿಕೆ ಇಲ್ಲ. ಅದಕ್ಕೇ ಮೂರು ಸಲ...”

ಅವಳು ಕಾರಿನ ಬಾಗಿಲು ಹಿಡಿದುಕೊಂಡಳು.

ಆ ಡ್ರೈವರ್ ಅವಳ ಅಪ್ಪ.

*ಹೇಳದೇ ಇದ್ದುಬಿಡು... ಅವನಿಗೆ ಸಮಾಧಾನ ಸಿಕ್ಕಿತಲ್ಲ, ಸಾಕು!* ಎಂದಿತು ಒಂದು ಮನಸ್ಸು. ಹೇಳಿದರೆ ಈ ಸ್ಟೂಲು, ಈ ಚಹಾ, ‘ಎತ್ತಲಾ?’ ಎನ್ನುವ ಈ ದನಿ, ಎಲ್ಲ ಇವತ್ತಿಗೇ ಮುಗಿಯುತ್ತದೆ. ಆದರೆ ಅವನು ಆ ಗೆರೆಯನ್ನು ಮಗುವಿನ ಕೆನ್ನೆಯಂತೆ ಸವರುತ್ತಿದ್ದ. ಅದನ್ನು ನೋಡಿ ಸುಮ್ಮನಿರಲು ಅವಳಿಂದಾಗಲಿಲ್ಲ.

ಕಾರಿನ ಡ್ಯಾಶ್‌ಬೋರ್ಡಿನ ಪೆಟ್ಟಿಗೆ ತೆರೆದು, ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಹಳೆಯ ವಾಲ್ವ್ ತೆಗೆದು ಅವನ ಮುಂದೆ ಹಿಡಿದಳು.

“ತೆಗೆಸಿದ್ದು ನಾನು. ಆವತ್ತು ಗಾಡಿ ಓಡಿಸ್ತಿದ್ದದ್ದೂ ನಾನೇ. ಲ್ಯಾಬಲ್ಲಿ ಕೆಲಸದ ಮೊದಲನೇ ದಿನ... ತಡ ಆಗಿತ್ತು. ಅಪ್ಪ ಪಕ್ಕದಲ್ಲಿ ತೂಕಡಿಸ್ತಿದ್ರು. ಮೀಟರಿನ ಮುಳ್ಳು ಕೆಂಪಿಗೆ ಹೋದದ್ದು ನೋಡಿದೆ. ಇನ್ನು ಐದೇ ನಿಮಿಷ ಅಂತ ನಿಲ್ಲಿಸ್ಲಿಲ್ಲ. ಹತ್ತು ನಿಮಿಷ ಓಡಿಸಿದೆ! ಆಮೇಲೆ ಅಪ್ಪ ಇಳಿದು ರೇಡಿಯೇಟರ್ ಮುಚ್ಚಳ ತೆಗೆದ್ರು... ವಾಲ್ವ್ ಮುಚ್ಚಿದ ಹಾಗೇ ಕಚ್ಚಿಕೊಂಡಿತ್ತು, ಅದಕ್ಕೇ ಎಂಜಿನ್ ಕುದ್ದಿದ್ದು ಅಂತ ಇದನ್ನ ತೆಗೆದವನು ಹೇಳಿದ್ದ. ಆದ್ರೂ ಅಪ್ಪ ನಿಮ್ಮ ಗ್ಯಾರೇಜಿಗೆ ಬಂದು ಬೈದಾಗ ನಾನು ಮನೇಲಿ ಸುಮ್ಮನಿದ್ದೆ. ಮುಳ್ಳು ಮೇಲೇಳದಿದ್ರೆ ಸಾಕು, ಅಷ್ಟೇ ಬೇಕಿತ್ತು ನನಗೆ.”

ಅವನು ವಾಲ್ವ್ ತೆಗೆದುಕೊಂಡ. ಅವಳ ಮುಖ ನೋಡಲಿಲ್ಲ.

“ಗಾಡಿ ಬಿಟ್ಟು ಹೋಗಿ. ನಾಳೆ ಬೆಳಿಗ್ಗೆ ಬನ್ನಿ.”

ಅಷ್ಟೇ ಅಂದು, ಅಂಗಿ ಕೂಡ ಬದಲಿಸದೆ ಎಲ್ಲಿಗೋ ಹೊರಟೇ ಹೋದ.

*

ಸಂಜೆ ಅವಳು ಅಪ್ಪನ ಕಾಲ ಬಳಿ ಕುಳಿತು ಎಲ್ಲವನ್ನೂ ಹೇಳಿದಳು. ಬಯ್ಯುತ್ತಾರೆ, ಎದ್ದು ಹೋಗುತ್ತಾರೆ ಎಂದು ಕಾದಳು.

ಅಪ್ಪ ತಮ್ಮ ಒಂದೇ ಕಣ್ಣನ್ನು ಅವಳತ್ತ ತಿರುಗಿಸಿದರು.

“ಬಿಸಿ ಎಂಜಿನ್ ಮುಚ್ಚಳ ತೆಗೀಬಾರದು ಅಂತ ಗೊತ್ತಿರಲಿಲ್ವಾ ಪುಟ್ಟಿ ನನಗೆ? ಮೂವತ್ತು ವರ್ಷ ಸ್ಟೇರಿಂಗ್ ಹಿಡಿದವನು ನಾನು. ಇಂಥ ದಡ್ಡ ಕೆಲಸ ಮಾಡಿದೆ ಅಂತ ಯಾವ ಬಾಯಲ್ಲಿ ಹೇಳಲಿ? ಯಾರ ತಲೆಗಾದ್ರೂ ಕಟ್ಟಬೇಕಿತ್ತು, ಕಟ್ಟಿದೆ.” ಅವರು ಅವಳ ತಲೆ ಸವರಿದರು. “ನಾಳೆ ನಾನೂ ಬರ್ತೀನಿ.”

ಬೆಳಿಗ್ಗೆ ಗ್ಯಾರೇಜಿನ ಬಾಗಿಲಲ್ಲಿ ಅವಳ ಹೆಜ್ಜೆ ಏಳಲಿಲ್ಲ. ಅವನ ಪಕ್ಕದಲ್ಲಿ ಬಿಳಿಗೂದಲಿನ ಹಿರಿಯರೊಬ್ಬರು ನಿಂತಿದ್ದರು. ಅಪ್ಪ ನೇರ ಹೋಗಿ ಅವರ ಎರಡೂ ಕೈ ಹಿಡಿದುಕೊಂಡರು.

“ಮೇಸ್ತ್ರಿ, ತಪ್ಪು ನನ್ನದು. ಅವತ್ತು ಎಷ್ಟು ಜೋರಾಗಿ ಕೂಗಿದ್ನೋ, ಇವತ್ತೂ ಅಷ್ಟೇ ಜೋರಾಗಿ ಬೀದಿಯಲ್ಲಿ ನಿಂತು ಕೂಗಿ ಹೇಳ್ತೀನಿ.”

“ಕೂಗೋದು ಬೇಡ ಮಾರಾಯ್ರೆ, ಮೊದಲು ಕೂತ್ಕೊಳ್ಳಿ,” ಅಂದರು ಮೇಸ್ತ್ರಿ. ಅವರ ಕಣ್ಣೂ ಒದ್ದೆಯಾಗಿತ್ತು.

ಅವಳು ಅವನತ್ತ ತಿರುಗಿದಳು. “ನಿನ್ನೆ... ನನ್ನ ಮುಖ ನೋಡೋಕೂ ಇಷ್ಟ ಇಲ್ಲದೆ ಹೋದ್ರಿ ಅಂದ್ಕೊಂಡೆ.”

“ಗೆರೆ ಮುರಿದಿಲ್ಲ ಅಂತ ಮೇಸ್ತ್ರಿಗೆ ಹೇಳೋಕೆ ಓಡಿದೆ. ಎರಡು ವರ್ಷದಿಂದ ಅವರೂ ಸರಿಯಾಗಿ ನಿದ್ದೆ ಮಾಡಿರಲಿಲ್ಲ.” ಅವನು ತಡೆದು ಹೇಳಿದ. “ಕೋಪ ಬಂತು. ಸುಳ್ಳು ಹೇಳಲ್ಲ, ದಾರಿಯುದ್ದಕ್ಕೂ ಬಂತು. ಆದ್ರೆ ನೀವು ಹೇಳದೇ ಇದ್ದಿದ್ರೆ ನನಗೆ ಯಾವತ್ತೂ ಗೊತ್ತಾಗ್ತಿರಲಿಲ್ಲ. ಅಷ್ಟು ಹೆದರ್ತಿದ್ರೂ ಹೇಳಿದ್ರಿ... ಅದು ನೆನಪಾದಾಗ ಕೋಪ ಉಳಿಯಲಿಲ್ಲ.”

ಕೆಟಲಿನಲ್ಲಿ ನೀರು ಕುದಿಯುತ್ತಿತ್ತು. ಅವನು ದಾರಕ್ಕೆ ಕಟ್ಟಿ ಹಳೆಯ ವಾಲ್ವನ್ನು ಇಳಿಸಿದ. ಅದು ತೆರೆಯಲಿಲ್ಲ. ಹೊಸದನ್ನು ಇಳಿಸಿದ. ಅದು ಮೆಲ್ಲಗೆ, ತಾನಾಗಿಯೇ ಬಾಯಿ ತೆರೆಯಿತು.

“ನೋಡಿದ್ರಾ? ಬಿಸಿ ಆದ್ರೆ ತಾನೇ ದಾರಿ ಬಿಡುತ್ತೆ. ಇನ್ನು ಹೆದರಬೇಡಿ.”

ಹೆದರಬೇಡಿ ಅಂದರೆ ಹೆದರಿಕೆ ಹೋಗುತ್ತದೆಯೇ! ವಾಲ್ವ್ ಕೂರಿಸಿ, ನೀರು ತುಂಬಿ, ಇಬ್ಬರೂ ಕಾರಿನೊಳಗೆ ಕುಳಿತಾಗ ಅವಳ ಹಲ್ಲು ಕಟಕಟನೆ ಬಡಿಯುತ್ತಿತ್ತು. ಕೀಲಿ ತಿರುಗಿಸಿದಳು. ಮುಳ್ಳು ಅಲುಗಿತು. ಎರಡು ವರ್ಷದಲ್ಲಿ ಮೊದಲ ಸಲ ಮೇಲೇರತೊಡಗಿತು.

“ಏರ್ತಿದೆ... ನಿಲ್ಲಿಸ್ಲಾ? ಆಫ್ ಮಾಡ್ಲಾ?”

“ನನ್ನ ಕೈ ಹಿಡ್ಕೊಳ್ಳಿ.”

ಹಿಡಿದಳು. ಉಗುರು ಇಳಿಯುವಷ್ಟು ಬಿಗಿಯಾಗಿ ಹಿಡಿದಳು. ಮುಳ್ಳು ಏರಿತು... ಇನ್ನಷ್ಟು ಏರಿತು... ಅವಳು ಉಸಿರು ಬಿಗಿಹಿಡಿದಳು.

ಸರಿಯಾಗಿ ಮಧ್ಯಕ್ಕೆ ಬಂದು ನಿಂತಿತು.

ಹೀಟರಿನಿಂದ ಬೆಚ್ಚನೆಯ ಗಾಳಿ ಅವಳ ಮುಖಕ್ಕೆ ಬೀಸಿತು. ಗಾಜಿನ ಮಂಜು ಕರಗಿ, ಹೊರಗೆ ಚಹಾ ಕುಡಿಯುತ್ತಾ ಕುಳಿತಿದ್ದ ಇಬ್ಬರು ಹಿರಿಯರು ಕಾಣಿಸಿದರು. ಅವಳು ಬಿಕ್ಕಿ ಬಿಕ್ಕಿ ಅತ್ತಳು. ಅವನು ಕೈ ಬಿಡಿಸಿಕೊಳ್ಳಲಿಲ್ಲ.

“ಒಂದು ಮಾತು ಕೇಳ್ಲಾ?”

“ಹೂಂ.”

“ನನ್ನನ್ನ ಮದುವೆ ಆಗ್ತೀರಾ?”

“ನನಗೆ ತುಂಬಾ ಭಯ ರೀ... ಆದ್ರೂ ಆಗ್ತೀನಿ.”

“ನಿಜವಾಗ್ಲೂ?”

“ನಿಜವಾಗ್ಲೂ.”

“ಇನ್ನೊಂದು ಸಲ ಹೇಳ್ತೀರಾ?”

“ಅಯ್ಯೋ, ನೀವು ಒಂದು ಸಲ ಬಿಗಿ ಮಾಡಿದ್ದೇ ಎರಡು ವರ್ಷ ಅಲುಗಲಿಲ್ಲ!” ಕಣ್ಣೀರು ಒರೆಸಿಕೊಳ್ಳುತ್ತಾ ಅವಳು ನಕ್ಕಳು. ಆಮೇಲೆ ಅವನ ಮುಖ ನೋಡಿ ಪಾಪ ಅನ್ನಿಸಿತು. ಹತ್ತಿರ ಬಾಗಿ ಮೆಲ್ಲಗೆ ಮೂರನೇ ಸಲವೂ ಹೇಳಿದಳು.

“ಆಗ್ತೀನಿ.”